ತಣ್ಣಗಿದ್ದಾಗ ಮಾತ್ರ

‘ಬರ್ತೈತೆ, ಹೋಗ್ತೈತೆ’ ಅಂದ ಪಾಲಯ್ಯ,
ಎದುರು ಮನೆ ಬೆಕ್ಕಿನ ಸುದ್ದಿ ಹೇಳಿದ ಹಾಗೆ.
‘ಎಂಥದು?’
ಉಂಗುರದ ಬೆರಳಿಂದ ಬಾನೆಟ್ ಬಡಿದು ತೋರಿಸಿದ:
ಟಕ್. ಟಕ್‌ಟಕ್. ಟಕ್.
ಮಗು ಚಮಚ ಹಿಡಿದು ತಟ್ಟೆ ಕುಟ್ಟಿದಂತೆ.

ಮೂರು ಸಲ ತಂದ. ಮೂರು ಸಲವೂ
ಚಳ್ಳಕೆರೆಯಿಂದ ಶೇಂಗಾ ಹಿಂಡಿ ಹೇರಿಕೊಂಡು
ದುರ್ಗದ ಬೈಪಾಸಿನ ನನ್ನ ತಗಡು ಶೆಡ್ಡಿಗೆ ಬಂದು ನಿಂತರೆ
ಹೆಣ್ಣು ನೋಡಲು ಬಂದವರ ಮುಂದೆ ಕೂರಿಸಿದ ಹುಡುಗಿ,
ಇಂಜಿನ್ನು ತುಟಿ ಪಿಟಕ್ಕೆನ್ನದು.

ಟ್ಯಾಪೆಟ್ ಕವರ್ ತೆಗೆದು
ಹನ್ನೆರಡೂ ವಾಲ್ವಿಗೆ ಗೇಜಿನ ಎಲೆ ತೂರಿಸಿದೆ.
ಬಿಗಿಯೂ ಅಲ್ಲ, ಸಡಿಲವೂ ಅಲ್ಲ.
ಪುಶ್‌ರಾಡುಗಳನ್ನು ಒಡೆದ ಕಿಟಕಿ ಗಾಜಿನ ಮೇಲೆ ಉರುಳಿಸಿದೆ,
ಒಂದೂ ಕುಂಟಲಿಲ್ಲ.
ಉದ್ದ ಸ್ಕ್ರೂಡ್ರೈವರಿನ ಹಿಡಿ ಕಿವಿಗೊತ್ತಿ
ಬ್ಲಾಕಿನ ಉದ್ದಕ್ಕೂ ತಡಕಾಡಿದೆ.
ಎಣ್ಣೆ ಹರಿವ ಸದ್ದು. ನನ್ನ ರಕ್ತದ್ದೇ ಇರಬಹುದು.

ಬುಡೇನ್ ಸಾಬರು ಇದ್ದಿದ್ದರೆ ತಲೆಗೊಂದು ಮೊಟಕುತ್ತಿದ್ದರು:
‘ಸದ್ದು ಬಂದಾಗ ಎಲ್ಲಾರೂ ಕಿವಿ ಕೊಡ್ತಾರೆ ಕಣೋ.
ಅದು ಯಾವಾಗ ನಿಲ್ತೈತೆ, ಅದನ್ನ ಕೇಳು.’

ಕೇಳಿದೆ.
ಪಾಲಯ್ಯ ತಲೆ ಕೆರೆದುಕೊಂಡ.
‘ಬೆಳಗಿನ ಜಾವ ಹೊರಡೋವಾಗ ಇರ್ತೈತೆ.
ಊರು ದಾಟಿ ಒಂದು ಬೀಡಿ ಮುಗಿಯೋಷ್ಟರಲ್ಲಿ ಇರಲ್ಲ.’

ಒಂದು ಬೀಡಿ!
ಇಷ್ಟು ದಿನ ನಾನು ನಾಡಿ ಹಿಡಿದದ್ದು
ಕಾದ ಇಂಜಿನ್ನಿನದು.
‘ಗಾಡಿ ಇಲ್ಲೇ ಬಿಟ್ಟು ಬಸ್ ಹತ್ತು’ ಅಂದೆ.

ರಾತ್ರಿ ಸೀಟಿನ ಮೇಲೇ ಮಲಗಿದೆ. ಪುಷ್ಯದ ಚಳಿ.
ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪ.
ಗೋಣಿಚೀಲ ಸಾಲದೆ ಪಾಲಯ್ಯನ ಹಳೇ ಸ್ವೆಟರ್ ಹುಡುಕಿ ಹಾಕಿಕೊಂಡೆ,
ಹಿಂಡಿಯ ವಾಸನೆ.
ನಾಲ್ಕೂವರೆಗೆ ಇಳಿದು ಹೆಡ್ ಮುಟ್ಟಿದೆ,
ಹೂಜಿಯ ಹೊಟ್ಟೆಯಷ್ಟು ತಂಪು.
ಸೆಲ್ಫ್ ಹೊಡೆದೆ.

ಟಕ್ ಟಕ್ ಟಕ್ ಟಕ್.

ನಗು ಬಂತು. ನೋಡಲು ಯಾರೂ ಇರಲಿಲ್ಲ.

ಒಂದು ಮಾರು ರಬ್ಬರ್ ಪೈಪು, ಒಂದು ತುದಿ ಕಿವಿಯಲ್ಲಿ.
ಹೆಡ್ಡಿನ ಮೇಲೆ ಹಿಡಿದರೆ ದೂರ,
ಸಂಪಿನ ಹತ್ತಿರ ಇನ್ನೂ ದೂರ,
ಮಗ್ಗುಲಿಗೆ ಬಂದು ಮೇನಿಫೋಲ್ಡಿನ ಹಿಂದೆ,
ಐದನೇ ಸಿಲಿಂಡರಿನ ಬಳಿ, ಫುಸ್ಸೆಂದು
ಕಿವಿಯೊಳಗೇ ಉಗುಳಿತು.
ಬಡಿತವೇ ಅಲ್ಲ ಅದು. ಉಸಿರು.
ತುಂಡಾದ ಒಂದು ಸ್ಟಡ್ಡು. ಅದರ ಪಕ್ಕ
ಕೂಸಿನ ಕೆನ್ನೆಗಿಟ್ಟ ದೃಷ್ಟಿಬೊಟ್ಟಿನಷ್ಟು ಮಸಿ.
ಕಬ್ಬಿಣ ಕಾದು ಹಿಗ್ಗಿದರೆ ಆ ಬಾಯಿ ಮುಚ್ಚಿಕೊಳ್ಳುತ್ತದೆ,
ತಣಿದರೆ ಬಿಡುತ್ತದೆ.

ಗ್ಯಾಸ್ಕೆಟ್ಟು, ಸ್ಟಡ್ಡು, ಕೂಲಿ ಸೇರಿ ಎಂಟುನೂರು.
‘ಅಷ್ಟೇನಾ?’ ಪಾಲಯ್ಯ ಎರಡು ಸಲ ಕೇಳಿದ.
ಬೋರ್ ಮಾಡಿಸಬೇಕಾದೀತೆಂದು
ಹೆಂಡತಿ ಚೀಟಿ ಎತ್ತಿಟ್ಟಿದ್ದಳಂತೆ.
ಸಾವಿರ ಕೊಟ್ಟು, ಚಿಲ್ಲರೆ ಬೇಡ ಅಂದು ಹೋದ.

ಇಲ್ಲಿಗೆ ಮುಗಿಯಬೇಕಿತ್ತು.

ಎರಡು ವರ್ಷದ ಹಿಂದೆ ಭರಮಸಾಗರದ ಮರುಳಸಿದ್ಧ
ಇದೇ ಸದ್ದು ತಂದಿದ್ದ. ಬೆರಳಲ್ಲಿ ಬಡಿದು ತೋರಿಸಿದ್ದ, ಹೀಗೇ.
ನಾನು ಹೆಡ್ ಇಳಿಸಿದೆ.
ವಾಲ್ವ್ ಉಜ್ಜಿಸಿದೆ, ಗೈಡ್ ಬದಲಿಸಿದೆ, ಮೂವತ್ತೆಂಟು ಸಾವಿರ.
ಕೂರಿಸುವಾಗ, ಇನ್ನೂರು ಉಳಿಯಲಿ ಎಂದು
ಮೇನಿಫೋಲ್ಡಿಗೆ ಹಳೇ ಗ್ಯಾಸ್ಕೆಟ್ಟನ್ನೇ ಹಾಕಿದೆ.
ತಿಂಗಳಾದ ಮೇಲೆ ಫೋನ್: ‘ಅಣ್ಣಾ, ಮತ್ತೆ ಐತಲ್ಲ?’
‘ವಯಸ್ಸಾದ ಗಾಡಿ, ಅನುಸರಿಸ್ಕೊ’ ಅಂದಿದ್ದೆ.

ಹೊತ್ತು ಏರಿದ ಮೇಲೆ ನಂಬರ್ ಹುಡುಕಿ ಹಚ್ಚಿದೆ.
‘ಆ ಗಾಡೀನಾ? ಗುಜರಿಗೆ ಹಾಕಿ ವರ್ಷ ಆತು.
ಯಾಕಣ್ಣ?’

ಎಂಟುನೂರು ಎನ್ನುವ ಮಾತು ಗಂಟಲಿಗೆ ಬಂದು
ಅಲ್ಲೇ ಕಾದು ಹಿಗ್ಗಿ ಕೂತಿತು.
‘ಏನಿಲ್ಲ, ಸುಮ್ನೆ’ ಅಂದೆ.

ಅವನು ಇಡಲಿಲ್ಲ, ನಾನೂ ಇಡಲಿಲ್ಲ.
ಅವನ ಹಿಂದೆ ಯಾವುದೋ ಇಂಜಿನ್ನು ಓಡುತ್ತಿತ್ತು.
ಕಿವಿಗೊತ್ತಿಕೊಂಡು ಕೇಳಿದೆ.